ಡ್ರೋನ್ ಹಾರಬೇಕಿರೋದು ಅಪಘಾತಕ್ಕೆ ಮುಂಚೆ

ಬಂಗಾರಪೇಟೆ/ಕೆಜಿಎಫ್: ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಬೇತಮಂಗಲ ನಡುವಿನ ಸುಮಾರು 71 ಕಿ.ಮೀ. ಭಾಗದಲ್ಲಿ 2024ರ ಡಿಸೆಂಬರ್‌ನಿಂದ ವಾಹನಗಳು ಓಡಾಡುತ್ತಿವೆ. ಮಾಲೂರು, ಬಂಗಾರಪೇಟೆ, ಕೆಜಿಎಫ್ ಜನರಿಗೆ ಬೆಂಗಳೂರು ಹತ್ತಿರ ಆಯ್ತು. ಅಪಘಾತದ ಸುದ್ದಿಯೂ ಹತ್ತಿರ ಆಯ್ತು. ಡ್ರೋನ್ ಇದ್ದಿದ್ರೆ ಗಾಯಾಳುಗಳನ್ನು ಬೇಗ ಪತ್ತೆ ಮಾಡಬಹುದಿತ್ತಲ್ವಾ ಅನ್ನೋ ಪ್ರಶ್ನೆ ಸಹಜ.

ಡ್ರೋನ್‌ನಿಂದ ಉಪಯೋಗ ಇದೆ. ಕಾರು ಹಳ್ಳಕ್ಕೆ ಉರುಳಿದ್ದರೆ ಮೇಲಿಂದ ಕಾಣುತ್ತೆ, ಶಾಖ ಗುರುತಿಸುವ ಕ್ಯಾಮೆರಾ ಇದ್ದರೆ ಕತ್ತಲಲ್ಲೂ ಹುಡುಕಬಹುದು. ಆದರೆ ಅದಕ್ಕೂ ಮಿತಿ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಲಾರಿ ಹುಡುಕಲು ಡ್ರೋನ್ ಬಳಸಿದ್ದರು. ನೀರಿನ ಸೆಳೆತದಿಂದಾಗಿ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಜಾಗ ಹುಡುಕೋದು ಬೇರೆ, ಜೀವ ಉಳಿಸೋದು ಬೇರೆ.

ಹೆದ್ದಾರಿಯಲ್ಲಂತೂ ಜೀವ ಹೋಗುತ್ತೋ ಉಳಿಯುತ್ತೋ ಅನ್ನೋದು ಬಹಳ ಸಲ ಬ್ರೇಕ್ ಒತ್ತುವ ಮುಂಚಿನ ಒಂದೆರಡು ಸೆಕೆಂಡಿನಲ್ಲೇ ತೀರ್ಮಾನವಾಗುತ್ತೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೆ. ಮುಂದೆ ಏನೋ ಬರುತ್ತೆ ಅಂತ ಎಚ್ಚರವಾಗಿರುವ ಚಾಲಕ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಬ್ರೇಕ್ ಒತ್ತುತ್ತಾನೆ. ಅಷ್ಟರಲ್ಲಿ 21 ಮೀಟರ್ ಕಳೆದಿರುತ್ತೆ. ಅನಿರೀಕ್ಷಿತವಾಗಿ ಏನಾದ್ರೂ ಅಡ್ಡ ಬಂದರೆ ಅದೇ ಚಾಲಕನಿಗೆ ಒಂದೂವರೆ ಸೆಕೆಂಡ್ ಬೇಕು, 42 ಮೀಟರ್. ನಿದ್ದೆಗಣ್ಣು, ಮೊಬೈಲು, ಕುಡಿತ ಸೇರಿದರೆ ಇನ್ನೂ ಜಾಸ್ತಿ. ಇದೆಲ್ಲ ಬರೀ ಕಾಲು ಬ್ರೇಕಿಗೆ ಹೋಗುವವರೆಗಿನ ಲೆಕ್ಕ. ಗಾಡಿ ನಿಲ್ಲೋಕೆ ಬೇಕಾಗುವ ದೂರ ಬೇರೆ.

ಅದಕ್ಕೇ ಭಾರತೀಯ ರಸ್ತೆ ಕಾಂಗ್ರೆಸ್ ರಸ್ತೆ ವಿನ್ಯಾಸದಲ್ಲಿ ಚಾಲಕನಿಗೆ 2.5 ಸೆಕೆಂಡ್ ಕೊಡುತ್ತೆ. 100 ಕಿ.ಮೀ. ವೇಗಕ್ಕೆ 180 ಮೀಟರ್ ಮುಂದಿನವರೆಗೂ ರಸ್ತೆ ಕಾಣಬೇಕು ಅನ್ನುತ್ತೆ. ರಾತ್ರಿ ಲೋ ಬೀಮ್ ಬೆಳಕು ಅಷ್ಟು ದೂರ ಹೋಗಲ್ಲ. ಹಿಂಬದಿ ದೀಪ ಇಲ್ಲದೆ ನಿಂತ ಲಾರಿ, ಪ್ರವೇಶ ನಿಷೇಧ ಇದ್ದರೂ ನುಗ್ಗಿದ ಬೈಕು, ಬೇಲಿ ದಾಟಿದ ದನ, ಇವೆಲ್ಲ ಕಣ್ಣಿಗೆ ಬೀಳುವಷ್ಟರಲ್ಲಿ ಲೆಕ್ಕ ತಪ್ಪಿರುತ್ತೆ.

ಹಾಗಾದರೆ ಡ್ರೋನ್ ಎಲ್ಲಿ ಬೇಕು? ಚಾಲಕ ಬೆಚ್ಚಿಬೀಳುವ ಇಂಥ ಜಾಗಗಳನ್ನು ಅಪಘಾತಕ್ಕೆ ಮೊದಲೇ ಹುಡುಕೋಕೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2021ರಲ್ಲೇ ತನ್ನ ಯೋಜನೆಗಳ ಡ್ರೋನ್ ವಿಡಿಯೊವನ್ನು ಪ್ರತಿ ತಿಂಗಳು ತೆಗೆಯುವುದನ್ನು ಕಡ್ಡಾಯ ಮಾಡಿದೆ. ನಿರ್ವಹಣೆ ಹಂತಕ್ಕೂ ಅದು ಅನ್ವಯ. ಬೇಲಿ ಎಲ್ಲಿ ಕಿತ್ತಿದೆ, ಬೈಕ್ ಎಲ್ಲಿಂದ ಹತ್ತುತ್ತೆ, ಲಾರಿಗಳು ಎಲ್ಲಿ ಸಾಲಾಗಿ ನಿಲ್ಲುತ್ತವೆ, ಎಲ್ಲವೂ ಅಂಥ ವಿಡಿಯೊದಲ್ಲಿ ಕಾಣುತ್ತೆ. ಅದನ್ನು ತಾಲ್ಲೂಕು ಮಟ್ಟದ ಪೊಲೀಸರು, ಪಂಚಾಯಿತಿಗಳ ಜೊತೆ ಕೂತು ನೋಡಿದರೆ ಪ್ರಯೋಜನ. ಕಡತದಲ್ಲಿದ್ದರೆ ಏನೂ ಇಲ್ಲ.

2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳಲ್ಲಿ, ನಂದಿದುರ್ಗವೋ ಚಾಂಪಿಯನ್ ರೀಫೋ, ದುಡಿದವರ ಮನೆಗಳಿಗೆ ಇದು ಹೊಸದಲ್ಲ. ಬಂಡೆ ಸಿಡಿದ ಮೇಲೆ ರಕ್ಷಣೆಗೆ ಇಳೀತಿದ್ರು, ನಿಜ. ಅದರ ಜೊತೆಗೆ ನೆಲದ ಕಂಪನವನ್ನೂ ಯಂತ್ರ ಇಟ್ಟು ಅಳೀತಿದ್ರು.

ನಮ್ಮ ಕೈಲಿರೋದೂ ಇದೆ. ಎಕ್ಸ್‌ಪ್ರೆಸ್‌ವೇಗೆ ಬೈಕ್ ಹತ್ತಿಸಬೇಡಿ. ಟೊಮೆಟೊ ಲೋಡ್ ರಾತ್ರಿ ಕಳಿಸುವ ವ್ಯಾಪಾರಿಗಳು ಚಾಲಕ ನಿದ್ದೆ ಮಾಡಿದ್ದಾನಾ, ಹಿಂದಿನ ದೀಪ ಉರಿಯುತ್ತಾ ನೋಡಿ. ಅಪಘಾತ ಕಂಡರೆ 1033 ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಜಾಗ ತಿಳಿಸೋಕೆ ಅಷ್ಟು ಸಾಕು, ಡ್ರೋನ್‌ಗೆ ಕಾಯಬೇಕಿಲ್ಲ.