ಕೃತ್ರಿಮ ಕೀಲು ಮತ್ತು ಅವಸರದ ಗುಳಿಗೆ

ಸವೆದ ಮೊಣಕಾಲಿನ ಸ್ಥಾನದಲ್ಲಿ ಲೋಹದ ಕೀಲನ್ನು ಕೂಡ್ರಿಸಿಕೊಂಡು ಹುಬ್ಬಳ್ಳಿಯಿಂದಲೋ ಬಳ್ಳಾರಿಯಿಂದಲೋ ಬಾಗಲಕೋಟೆಯಿಂದಲೋ ಮರಳಿ ಬಂದವರು ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳಲ್ಲಿ ಈಗ ಅಪರೂಪವಲ್ಲ. 2017ನೆಯ ಇಸವಿಯ ಅಗಸ್ಟ್ ತಿಂಗಳಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಮೊಣಕಾಲಿನ ಕೃತ್ರಿಮ ಕೀಲುಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿದ ತರುವಾಯ ಈ ಚಿಕಿತ್ಸೆಯು ಸಾಮಾನ್ಯ ಗೃಹಸ್ಥನಿಗೂ ಮೊದಲಿಗಿಂತ ನಿಲುಕುವಂತಾಗಿರುವದು. ಗಂಗಾವತಿಯ ಗದ್ದೆಗಳಲ್ಲಿ ವರ್ಷಕ್ಕೆರಡು ಸಲ ಬಗ್ಗಿ ನಾಟಿ ಹಚ್ಚುವ ಹೆಣ್ಣುಮಕ್ಕಳ ಸೀಮೆಗೆ, ಕೊಳವೆಬಾವಿಯ ನೀರಿನೊಳಗಿನ ಫ್ಲೋರೈಡಿನಿಂದ ಎಲುಬು ಕೀಲುಗಳು ಬಿಗಿದುಕೊಂಡ ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಿಗೆ, ಇದೊಂದು ವರವೆಂಬುದು ನಿರ್ವಿವಾದ. ಆದರೆ ಈ ವರದ ಬೆನ್ನಿಗಂಟಿ ಬರುವ ಅಪಾಯವೊಂದರ ವಿಷಯದಲ್ಲಿ ನಮ್ಮ ಜಿಲ್ಲೆಯು ತೀರ ಅಸಡ್ಡೆಯಿಂದಿರುವದೆಂದು ಹೇಳದೆ ನಿರ್ವಾಹವಿಲ್ಲ.

ಹೀಗೆ ಕೀಲು ಬದಲಿಸಿಕೊಂಡ ನೂರು ಜನರಲ್ಲಿ ಒಬ್ಬಿಬ್ಬರಿಗೆ ಆ ಕೀಲಿನಲ್ಲಿಯೇ ಸೋಂಕು ತಗಲುವದುಂಟು. ಹೆಚ್ಚಾಗಿ ಇದಕ್ಕೆ ಕಾರಣವಾಗುವವು ನಮ್ಮ ಚರ್ಮದ ಮೇಲೆಯೂ ಮೂಗಿನಲ್ಲಿಯೂ ವಾಸಿಸುವ ಸ್ಟೆಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು. ಜೀವವಿರುವ ಮಾಂಸದಲ್ಲಿ ಹೊಕ್ಕ ರೋಗಾಣುವನ್ನು ರಕ್ತವು ಅಟ್ಟಿಸಿಕೊಂಡು ಹೋಗುವದು, ಲೋಹಕ್ಕೆ ರಕ್ತವೆಲ್ಲಿಯದು? ಅಲ್ಲಿ ಅಂಟಿಕೊಂಡ ಬ್ಯಾಕ್ಟೀರಿಯಾಗಳು ತಮ್ಮ ಸುತ್ತಲೂ ಲೋಳೆಯ ಪೊರೆಯನ್ನು ಕಟ್ಟಿಕೊಂಡು, ಕೆರೆಯ ಪಾವಟಿಗೆಯ ಮೇಲಿನ ಪಾಚಿಯಂತೆ ನೆಲೆಯೂರುವವು. ಸಾಧಾರಣ ಪ್ರಮಾಣಕ್ಕಿಂತ ನೂರಾರು ಪಟ್ಟು ಹೆಚ್ಚು ಪ್ರತಿಜೀವಕ ಔಷಧವಾದರೂ ಆ ಪೊರೆಯೊಳಗಿನವು ಸಾಯದೆ ಉಳಿಯಬಲ್ಲವು. ಗುಳಿಗೆಯೊಂದರಿಂದಲೇ ಇದು ಗುಣವಾಗದೆ, ಮತ್ತೆ ಶಸ್ತ್ರಕ್ರಿಯೆಯ ಅವಶ್ಯಕತೆ ಬೀಳುವದು ಈ ಕಾರಣದಿಂದಲೇ.

ಇಷ್ಟಿದ್ದೂ ನಮ್ಮಲ್ಲಿ ನಡೆಯುವದೇನು? ಮೊಣಕಾಲು ಬಾತಿತು, ಬಿಸಿಯಾಯಿತು, ಗಾಯದ ಗುರುತಿನಿಂದ ನೀರು ಜಿನುಗಿತು ಎಂದರೆ ಮಗನೋ ಅಳಿಯನೋ ಹತ್ತಿರದ ಔಷಧದಂಗಡಿಗೆ ಹೋಗಿ ಐದು ದಿವಸದ ಗುಳಿಗೆ ತರುವನು. ಬಾವು ಇಳಿಯುವದು, ಮನೆಯವರು ನಿಶ್ಚಿಂತರಾಗುವರು. ತಿಂಗಳೊಪ್ಪತ್ತಿನಲ್ಲಿ ಬಾವು ಮರಳುವದು. ಬೇರೊಂದು ಗುಳಿಗೆ ಬರುವದು. ಕಡೆಗೆ ರೋಗಿಯು ಶಸ್ತ್ರವೈದ್ಯರ ಎದುರಿಗೆ ಬಂದು, ಅವರು ಕೀಲಿನ ದ್ರವವನ್ನು ತೆಗೆದು ಪ್ರಯೋಗಶಾಲೆಗೆ ಕಳಿಸಿದರೆ ಅದರಲ್ಲಿ ಏನೂ ಬೆಳೆಯುವದಿಲ್ಲ. ಅರೆಬರೆ ಔಷಧವು ರೋಗಾಣುವನ್ನು ಕೊಂದಿಲ್ಲ, ಅಡಗಿಸಿದೆಯಷ್ಟೆ. ಅದು ಯಾವ ಜಾತಿಯದು, ಯಾವ ಔಷಧಕ್ಕೆ ಬಗ್ಗುವದು ಎಂಬುದನ್ನು ಕಂಡುಹಿಡಿಯುವ ದಾರಿಯೇ ಮುಚ್ಚಿಹೋಗುವದು. ಆದಕಾರಣವೇ ತಜ್ಞರು, ರೋಗಿಯ ಸ್ಥಿತಿ ಅನುಕೂಲವಾಗಿದ್ದರೆ, ಎರಡು ವಾರ ಎಲ್ಲ ಪ್ರತಿಜೀವಕಗಳನ್ನೂ ಬಿಡಿಸಿ ಆಮೇಲೆ ಪರೀಕ್ಷೆಗೆ ತೊಡಗುವರು. ಶಸ್ತ್ರಕ್ರಿಯೆಯ ಕಾಲಕ್ಕೆ ಬೇರೆ ಬೇರೆ ಜಾಗಗಳಿಂದ ಐದಾರು ತುಣುಕುಗಳನ್ನು ತೆಗೆದು ಹದಿನಾಲ್ಕು ದಿವಸಗಳ ವರೆಗೆ ಬೆಳೆಯಗೊಟ್ಟು ನೋಡುವರು. ಚರಕಸಂಹಿತೆಯಲ್ಲಿ ನಿದಾನಸ್ಥಾನವು ಮೊದಲು, ಚಿಕಿತ್ಸಾಸ್ಥಾನವು ಬಹಳ ಹಿಂದಿನಿಂದ. ಈ ಕ್ರಮವನ್ನು ನಮ್ಮ ಅಂಗಡಿಕಟ್ಟೆಯ ವೈದ್ಯವು ಮಾತ್ರ ತಲೆಕೆಳಗು ಮಾಡಿರುವದು. ಚಳಿಜ್ವರ ಬಂದು ಎಚ್ಚರ ತಪ್ಪುವಂತೆ ಮೈಯೆಲ್ಲ ನಂಜೇರಿದವನ ಮಾತು ಬೇರೆ. ಅವನನ್ನು ಒಂದು ತಾಸೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು, ಅಲ್ಲಿ ಔಷಧವೂ ಕೂಡಲೇ ಆರಂಭವಾಗತಕ್ಕದ್ದು.

ರೋಗಾಣುವಿನ ಹೆಸರು ತಿಳಿದರೆ ಆಯ್ಕೆಗೆ ಆಧಾರ ಸಿಗುವದು. ಸೋಂಕು ಹೊಸದಾಗಿದ್ದರೆ ಕೀಲನ್ನು ಉಳಿಸಿಕೊಂಡೇ ತೊಳೆಯಬಹುದು. ಹಳೆಯದಾಗಿದ್ದರೆ ಬಹುಮಟ್ಟಿಗೆ ಅದನ್ನು ಕಿತ್ತು ಹೊಸದನ್ನು ಕೂಡ್ರಿಸಬೇಕಾಗುವದು. ಔಷಧವು ವಾರಗಟ್ಟಲೆಯಲ್ಲ, ತಿಂಗಳುಗಟ್ಟಲೆ. 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷಣವೊಂದರಲ್ಲಿ ಆರು ವಾರ ಔಷಧ ತೆಗೆದುಕೊಂಡವರಲ್ಲಿ ನೂರಕ್ಕೆ 18 ಜನರಿಗೂ, ಹನ್ನೆರಡು ವಾರ ತೆಗೆದುಕೊಂಡವರಲ್ಲಿ ನೂರಕ್ಕೆ 9 ಜನರಿಗೂ ಸೋಂಕು ಉಳಿಯಿತು. ಐದು ದಿವಸದ ಗುಳಿಗೆಯ ಯೋಗ್ಯತೆಯನ್ನು ವಾಚಕರೇ ಇದರಿಂದ ಅಳೆದುಕೊಳ್ಳಲಿ. ಇದರಲ್ಲಿ ನಮ್ಮ ದೇಶಕ್ಕೆ ವಿಶೇಷವಾದ ಇನ್ನೊಂದು ತೊಡಕುಂಟು. ಸ್ಟೆಫಿಲೊಕಾಕಸ್ಸಿನ ಪೊರೆಯನ್ನು ಭೇದಿಸಲು ಉಪಯೋಗಿಸುವ ರಿಫಾಂಪಿಸಿನ್ ಎಂಬುದೇ ಕ್ಷಯರೋಗದ ಮುಖ್ಯ ಔಷಧಗಳಲ್ಲೊಂದು. ಅದನ್ನು ಜೊತೆ ಔಷಧವಿಲ್ಲದೆ ಕೊಟ್ಟರೆ ರೋಗಾಣುವು ಬೇಗನೆ ಅದಕ್ಕೆ ಮಣಿಯದಂತಾಗುವದು. ರೋಗಿಗೆ ಒಳಗೇ ಕ್ಷಯವಿದ್ದರೆ ಆ ಕ್ಷಯವೂ ಔಷಧಕ್ಕೆ ಬಗ್ಗದೆ ನಿಲ್ಲಬಹುದು. ಆಗ ಕೇಡು ಮನೆಮಂದಿಗೆಲ್ಲ.

ಶಸ್ತ್ರಕ್ರಿಯೆಯ ನಂತರ ಮುಂಜಾಗ್ರತೆಗೆಂದು ವಾರಗಟ್ಟಲೆ ಪ್ರತಿಜೀವಕ ನುಂಗಿಸುವ ವಾಡಿಕೆಯನ್ನೂ ನಾವು ಒಪ್ಪಲಾರೆವು. ಕೊಯ್ಯುವದಕ್ಕೆ ಮುನ್ನ ಒಂದು ತಾಸಿನೊಳಗೆ ಕೊಡುವ ಸೆಫಜೋಲಿನ್ ಎಂಬ ಅಗ್ಗದ, ಹಳೆಯ ಔಷಧವೇ ಹೆಚ್ಚಿನ ಕೆಲಸ ಮಾಡುವದು. ಕ್ರಿಯೆ ಮುಗಿದ ಮೇಲೆ ಅದನ್ನು ಮುಂದುವರಿಸಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿಯೇ ಹೇಳಿರುವದು. 1960ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು ಸೊಂಟದ ಕೀಲಿನ ಶಸ್ತ್ರಕ್ರಿಯೆಗಳಲ್ಲಿ ನೂರಕ್ಕೆ ಏಳೆಂಟರಷ್ಟಿದ್ದ ಸೋಂಕನ್ನು ಸುಮಾರು ಒಂದಕ್ಕೆ ಇಳಿಸಿದ್ದು, ಮುಖ್ಯವಾಗಿ ಕೊಠಡಿಯ ಗಾಳಿಯನ್ನು ಸೋಸಿ, ಶುದ್ಧಿಯನ್ನು ಬಿಗಿಗೊಳಿಸಿ.

ಕಾನೂನಿಗೇನೂ ಕೊರತೆಯಿಲ್ಲ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಮೇರೆಗೆ ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್, ರಿಫಾಂಪಿಸಿನ್ ಮುಂತಾದವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಬರೆದುಕೊಟ್ಟ ವೈದ್ಯರ ಮತ್ತು ರೋಗಿಯ ಹೆಸರುಗಳನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡತಕ್ಕದ್ದು. ಗುಳಿಗೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು 2016ರಲ್ಲಿ ಕೇಂದ್ರವು ಪ್ರಚಾರವನ್ನೂ ನಡೆಸಿತು. ನೆರೆಯ ಕೇರಳವು 2024ರಲ್ಲಿ ಅಂಗಡಿಗಳ ಅನಿರೀಕ್ಷಿತ ತಪಾಸಣೆಗೆ ತೊಡಗಿತು. ನಮ್ಮ ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗಳು ಆ ವಹಿಗಳನ್ನು ತೆರೆದು ನೋಡಲಿ.

ಆದರೆ ವ್ಯಾಪಾರಸ್ಥರೊಬ್ಬರನ್ನೇ ದೂರಿ ಫಲವಿಲ್ಲ. ಕುಷ್ಟಗಿಯ ಕೂಲಿಯವನು ಬಾತ ಕಾಲಿನ ತಾಯಿಯನ್ನು ಹುಬ್ಬಳ್ಳಿಗೆ ಒಯ್ಯಬೇಕಾದರೆ ಎರಡು ದಿವಸದ ಕೂಲಿಯನ್ನೂ ವಾಹನದ ಬಾಡಿಗೆಯನ್ನೂ ಕಳೆದುಕೊಳ್ಳಬೇಕು. ಅಂಗಡಿಯಾದರೋ ಮನೆಯ ಮುಂದೆಯೇ ಇರುವದು. ಕೊಪ್ಪಳದಲ್ಲಿ 2015ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆದಿರುವದು. ಎಲುಬು ಕೀಲುಗಳ ವಿಭಾಗವೂ ಸೂಕ್ಷ್ಮಜೀವಿ ಶಾಸ್ತ್ರದ ವಿಭಾಗವೂ ಇಲ್ಲದೆ ವೈದ್ಯಕೀಯ ಕಾಲೇಜು ಇರಲಾರದು. ಶಸ್ತ್ರಕ್ರಿಯೆ ಎಲ್ಲಿಯೇ ಆಗಿರಲಿ, ಕೀಲು ಬಾತವರು ಮೊದಲು ಇಲ್ಲಿಗೆ ಬರುವಂತೆ ವಾರದಲ್ಲಿ ನಿಶ್ಚಿತ ದಿವಸಗಳನ್ನು ಗೊತ್ತುಮಾಡಿ, ಕೀಲಿನ ದ್ರವವನ್ನು ಶುದ್ಧಿಯಿಂದ ತೆಗೆದು ಬೆಳೆಸಿ ನೋಡುವ ಏರ್ಪಾಡನ್ನು ಉಚಿತವಾಗಿ ಮಾಡುವದು ಅಸಾಧ್ಯವೇ? ಮೂರೂ ತಾಲೂಕು ಆಸ್ಪತ್ರೆಗಳು ಇಂಥವರಿಗೆ ಗುಳಿಗೆ ಬರೆಯದೆ ಕೊಪ್ಪಳಕ್ಕೆ ಕಳಿಸಲಿ. ಹೊರಗಿನ ಆಸ್ಪತ್ರೆಗಳು ರೋಗಿಯನ್ನು ಬಿಡುವ ದಿನ ಕೊಡುವ ಕಾಗದದಲ್ಲಿ ಯಾವ ಕೀಲು, ಯಾವ ಔಷಧ, ಬಾವು ಬಂದರೆ ಯಾರಿಗೆ ತಿಳಿಸತಕ್ಕದ್ದು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಲಿ. ಹಣದ ಮಾತೆತ್ತುವವರಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಇರುವದೇ ಇಂಥ ಹಿಂದುಳಿದ ಜಿಲ್ಲೆಗಳಿಗಾಗಿ ಎಂಬುದನ್ನು ನೆನಪಿಸುತ್ತೇವೆ. ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧವಾಗುವ ಮೊದಲೇ ನಮ್ಮ ಶಾಸಕರು ಈ ಬೇಡಿಕೆಯನ್ನು ಮಂಡಳಿಯ ಮುಂದೆ ಲಿಖಿತವಾಗಿ ಇಡುವರೆಂದು ನಿರೀಕ್ಷಿಸುತ್ತೇವೆ.