ಕಿತ್ತದ್ದು ಗೊತ್ತು, ಹಚ್ಚಿದ್ದೆಷ್ಟು?

ನಿಮ್ಮ ಬಡಾವಣೆಯ ಕನ್ನಡ ಸಂಘದ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಪೆಂಡಾಲು, ಮೈಕ್‌ಸೆಟ್ಟು, ಆರ್ಕೆಸ್ಟ್ರಾ, ಹಾರ, ಶಾಲು, ಫ್ಲೆಕ್ಸು, ಊಟ. ನವೆಂಬರ್ ತಿಂಗಳ ಖರ್ಚೇ ಪುಟಗಟ್ಟಲೆ ತುಂಬಿರುತ್ತದೆ. ಉಳಿದ ಹನ್ನೊಂದು ತಿಂಗಳಿಗೆ? ಬಿಳಿ ಹಾಳೆ!

ಈ ಮಾತು ಓದಿ ಸಿಟ್ಟು ಬಂತೇ? ಬರಲಿ. ಸಿಟ್ಟೇ ಬರದ ಕನ್ನಡಿಗನಿಂದ ಈ ನಾಡಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಆದರೆ ಆ ಸಿಟ್ಟನ್ನು ಎಲ್ಲಿ ದುಡಿಸಬೇಕು ಎಂಬುದನ್ನು ಈಗಲಾದರೂ ಕೂತು ಯೋಚಿಸಬೇಕಾಗಿದೆ.

ನಾಮಫಲಕದ ಹೋರಾಟವನ್ನು ಹಗುರವಾಗಿ ಮಾತನಾಡುವವರ ಸಾಲಿಗೆ ಈ ಲೇಖನ ಸೇರುವುದಿಲ್ಲ. 2023ರ ಡಿಸೆಂಬರಿನಲ್ಲಿ ಕಾರ್ಯಕರ್ತರು ಬೆಂಗಳೂರಿನ ಬೀದಿಗಿಳಿದರು, ಬಂಧನಕ್ಕೊಳಗಾದರು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ಶೇ. 60 ಭಾಗ ಕನ್ನಡ ಇರಲೇಬೇಕೆಂದಾಯಿತು. ಬೀದಿಗೆ ಇಳಿಯದೆ ಇದು ಆಗುತ್ತಿರಲಿಲ್ಲ. ಇದು ಗೆಲುವೇ.

ಈಗ ಆ ಫಲಕದ ಕೆಳಗೆ ನೋಡಿ. ಹೊಸ ಕಟ್ಟಡ ಏಳುತ್ತಿದೆ. ಜಲ್ಲಿ ಹೊರುತ್ತಿರುವ ಹೆಂಗಸಿನ ಮಾತು ಕೇಳಿ. ಅಚ್ಚ ಕನ್ನಡ! ಯಾದಗಿರಿಯ ಕನ್ನಡ, ರಾಯಚೂರಿನ ಕನ್ನಡ. ಗಂಡ ಗಾರೆ ಕಲಸುತ್ತಾನೆ. ತಗಡಿನ ಶೆಡ್ಡಿನ ಮುಂದೆ ಎಂಟು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಾಳೆ. ತಲೆಯ ಮೇಲೆ ದೊಡ್ಡ ಅಕ್ಷರದ ಕನ್ನಡ ಹೊಳೆಯುತ್ತಿದೆ. ಅದನ್ನು ಓದಲು ಆ ಹುಡುಗಿಗೆ ಯಾರೂ ಕಲಿಸಿಲ್ಲ.

ಹೇಳಿ, ಈ ಹುಡುಗಿ ಯಾವ ಕನ್ನಡ ಸಂಘದ ಪಾಲಿಗೆ ಬರುತ್ತಾಳೆ?

ನಕ್ಷೆಯೊಳಗಿನ ಇನ್ನೊಂದು ನಕ್ಷೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಅದು ಲೆಕ್ಕ ಹಾಕಿ ತೋರಿಸಿತು. ಆ ಪೈಕಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲ್ಬರ್ಗಾ ವಿಭಾಗ ಒಂದರಲ್ಲೇ ಇದ್ದವು. ದಕ್ಷಿಣದವರೂ ಎದೆ ಉಬ್ಬಿಸಬೇಕಾಗಿಲ್ಲ, 13 ತಾಲ್ಲೂಕುಗಳು ಬೆಂಗಳೂರು ಮತ್ತು ಮೈಸೂರು ವಿಭಾಗಗಳಲ್ಲೇ ಇದ್ದವು.

1956ರಲ್ಲಿ ನಾಡು ಒಂದಾಯಿತು. 1973ರಲ್ಲಿ ಕರ್ನಾಟಕ ಎಂಬ ಹೆಸರೂ ಬಂತು. ಆದರೆ ಹೆಸರು ಒಂದಾದ ಮಾತ್ರಕ್ಕೆ ಬದುಕು ಒಂದಾಗಲಿಲ್ಲ. ಸೇಡಂ, ಶಹಾಪುರ, ಲಿಂಗಸುಗೂರಿನ ಕನ್ನಡಿಗ ತನ್ನ ಊರಲ್ಲಿ ಕೂಲಿ ಸಿಗದೆ ಬಸ್ಸು ಹತ್ತಿ ರಾಜಧಾನಿಗೆ ಬಂದರೆ, ಇಲ್ಲಿ ಅವನಿಗೆ ಸಿಗುವುದು ಮೋರಿ ಪಕ್ಕದ ಶೆಡ್ಡು. ಇದನ್ನು ಸರ್ಕಾರ ನೋಡಿಕೊಳ್ಳಲಿ ಎಂದು ಕೈಕಟ್ಟಿ ಕೂತರೆ ಇನ್ನೂ ಹತ್ತು ಸಮಿತಿ ಬರುತ್ತವೆ, ಹತ್ತು ವರದಿ ಬರುತ್ತವೆ. ಸರ್ಕಾರ ತಾನಾಗಿ ಎದ್ದು ಕೆಲಸ ಮಾಡಿದ್ದಕ್ಕಿಂತ ಜನ ಎಬ್ಬಿಸಿದ ಮೇಲೆ ಮಾಡಿದ್ದೇ ಹೆಚ್ಚು. ಎಬ್ಬಿಸುವುದು ಸಂಘಟನೆಗಳ ಕೆಲಸ. ನಮ್ಮ ಹಿರಿಯರು ಅದನ್ನು ಮಾಡಿ ತೋರಿಸಿದ್ದಾರೆ.

‘ಸಿರಿಗನ್ನಡಂ ಗೆಲ್ಗೆ’ ಎಂದು ಗಂಟಲು ಹರಿಯುವಂತೆ ಕೂಗುತ್ತೇವಲ್ಲ, ಆ ಘೋಷಣೆ ಕೊಟ್ಟವರು ರಾ.ಹ. ದೇಶಪಾಂಡೆ. ಅವರು ಘೋಷಣೆ ಕೊಟ್ಟು ಮನೆಗೆ ಹೋಗಲಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಮುಂಬಯಿ ಆಡಳಿತದ ಆ ಭಾಗದಲ್ಲಿ ಮರಾಠಿಯ ದಬ್ಬಾಳಿಕೆ ಇದ್ದ ಕಾಲವದು. ಸಂಘ ಏನು ಮಾಡಿತು? ಕನ್ನಡದಲ್ಲಿ ಪುಸ್ತಕ ಬರೆಸಿತು, ಅಚ್ಚು ಹಾಕಿಸಿತು, ‘ವಾಗ್ಭೂಷಣ’ ಪತ್ರಿಕೆ ನಡೆಸಿತು, ಓದುವವರನ್ನು ತಯಾರು ಮಾಡಿತು. ಏಕೀಕರಣದ ಮಾತು ಮೊಳೆತದ್ದು ಇಂಥ ನೆಲದಲ್ಲಿ. ಮೊದಲು ಓದುವ ಕನ್ನಡಿಗ ಹುಟ್ಟಿದ, ಆಮೇಲೆ ರಾಜ್ಯ ಹುಟ್ಟಿತು.

ಕುಸನೂರಿನಲ್ಲಿ ನಡೆದದ್ದು

ಹಳೆಯ ಕಾಲದ ಮಾತು ಬೇಡವೆನ್ನುವವರಿಗೆ ಇನ್ನೊಂದು ಕಥೆ. ಇದು ನಮ್ಮ ಅಪ್ಪಂದಿರ ಕಾಲದ್ದು.

1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿದವು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ನೆಲವನ್ನು ಅದಕ್ಕೆ 40 ವರ್ಷದ ಗುತ್ತಿಗೆಗೆ ಕೊಡುವ ಒಪ್ಪಂದವಾಯಿತು. ಅಲ್ಲಿ ನೀಲಗಿರಿ ಬೆಳೆಯುವುದು, ಕಾರ್ಖಾನೆಗೆ ಸಾಗಿಸುವುದು. ಆದರೆ ಅದು ಖಾಲಿ ಬಿದ್ದ ನೆಲವಲ್ಲ. ಹಳ್ಳಿಯ ದನ ಮೇಯುತ್ತಿದ್ದ ನೆಲ. ಬಡವರ ಮನೆಯ ಒಲೆಗೆ ಕಟ್ಟಿಗೆ, ಹಿತ್ತಲಿಗೆ ಗೊಬ್ಬರದ ಸೊಪ್ಪು ಕೊಡುತ್ತಿದ್ದ ನೆಲ. ಜನರನ್ನು ಒಂದು ಮಾತೂ ಕೇಳದೆ ಬೇಲಿ ಬಿತ್ತು.

ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಆ ಹಳ್ಳಿಗಳಿಗೆ ಹೋಯಿತು. ಎಸ್.ಆರ್. ಹಿರೇಮಠ ಮತ್ತು ಜೊತೆಗಾರರು ಕಾಗದಪತ್ರ ಕಲೆಹಾಕಿದರು, ಸಭೆ ನಡೆಸಿದರು, ಸಹಿ ಸಂಗ್ರಹಿಸಿದರು. ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಕಾದಂಬರಿಕಾರನಿಗೆ ಗೋಮಾಳದ ಉಸಾಬರಿ ಯಾಕೆ ಎಂದು ಅವರು ಕೇಳಲಿಲ್ಲ. ಕನ್ನಡ ಎಂದರೆ ಬರೀ ಪುಸ್ತಕವಲ್ಲ ಎಂಬುದು ಅವರಿಗೆ ಗೊತ್ತಿತ್ತು.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ. ಸತ್ಯಾಗ್ರಹದ ಹೆಸರು ‘ಕಿತ್ತಿಕೋ–ಹಚ್ಚಿಕೋ’. ಬೆಂಗಳೂರಿನ ಹುಡುಗರಿಗೆ ಒಂದು ಮಾತು: ಆ ಸೀಮೆಯಲ್ಲಿ ಸಸಿ ಹಚ್ಚುವುದು ಎಂದರೆ ನೆಡುವುದು. ಜನ ನೀಲಗಿರಿ ಗಿಡ ಕಿತ್ತರು. ಅಷ್ಟಕ್ಕೇ ಜೈಕಾರ ಹಾಕಿ ಹೊರಟುಹೋಗಲಿಲ್ಲ. ಹಳ್ಳಿಗೆ ಮೇವು, ಹಣ್ಣು, ಕಟ್ಟಿಗೆ ಕೊಡುವ ಸಸಿಗಳನ್ನು ಅಲ್ಲೇ ಹಚ್ಚಿದರು. ಕೈಗೆ ಕೋಳ ಬೀಳಬಹುದೆಂದು ಗೊತ್ತಿದ್ದೂ ಹಚ್ಚಿದರು. ಕೊನೆಗೆ 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಗೆಳೆಯರೇ, ಈ ಹೆಸರಿನಲ್ಲೇ ನಮಗೊಂದು ಪಾಠವಿದೆ. ಕೀಳುವುದು ನಮ್ಮ ಸಂಘಗಳಿಗೆ ಚೆನ್ನಾಗಿ ಗೊತ್ತು. ಫಲಕ ಕಿತ್ತೆವು, ಮಸಿ ಬಳಿದೆವು, ಕಚೇರಿಗೆ ಮುತ್ತಿಗೆ ಹಾಕಿದೆವು. ಕೆಲವು ಸಲ ಕೀಳಲೇಬೇಕು. ಆದರೆ ಕಿತ್ತ ಜಾಗದಲ್ಲಿ ಏನು ಹಚ್ಚಿದೆವು? ಏನೂ ಹಚ್ಚದೆ ಬಿಟ್ಟರೆ ಅಲ್ಲಿ ಮತ್ತೆ ಅದೇ ಕಳೆ ಬೆಳೆಯುತ್ತದೆ.

ಹೈದರಾಬಾದ್ ಕರ್ನಾಟಕದ ಕಥೆಯನ್ನೂ ನೆನೆಯಿರಿ. ಸಂವಿಧಾನದ 371(ಜೆ) ವಿಧಿ ಯಾವ ದೆಹಲಿ ದೊರೆಯ ದಯೆಯಿಂದಲೂ ಬರಲಿಲ್ಲ. ವೈಜನಾಥ ಪಾಟೀಲರ ಮುಂದಾಳತ್ವದ ಹೋರಾಟ ಸಮಿತಿ ವರ್ಷಾನುಗಟ್ಟಲೆ ಪಟ್ಟು ಹಿಡಿದ ಮೇಲೆ, 2012ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿತು. ಆ ಹೋರಾಟ ನಡೆದಾಗ ನಮ್ಮ ಬೆಂಗಳೂರಿನ ಎಷ್ಟು ಸಂಘಗಳ ಬಾವುಟ ಕಲಬುರಗಿಯಲ್ಲಿ ಹಾರಿತ್ತು? ನಿಮ್ಮ ಸಂಘದ ಹಿರಿಯರನ್ನೇ ಕೇಳಿ. ಈಗ ಕಾಗದದ ಮೇಲೆ ಆ ಭಾಗದ ಮಕ್ಕಳಿಗೆ ಸೀಟಿದೆ, ಉದ್ಯೋಗದಲ್ಲಿ ಮೀಸಲಿದೆ. ಆದರೆ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಜೊತೆ ಗಾರೆ ಕೆಲಸಕ್ಕೆ ಬಂದ ಹುಡುಗ ಆ ಸೀಟಿನ ತನಕ ಮುಟ್ಟುವುದು ಹೇಗೆ?

ಕೋರ್ಟು ಹೇಳಿದ ಮೇಲೆ

ಕನ್ನಡ ಮಾಧ್ಯಮವನ್ನು ಆಜ್ಞೆಯಿಂದಲೇ ಉಳಿಸಿಕೊಳ್ಳುತ್ತೇವೆ ಎಂದು ನಂಬಿದ್ದೆವು. 1994ರ ಸರ್ಕಾರಿ ಆದೇಶ ಆ ನಂಬಿಕೆಯಿಂದ ಹುಟ್ಟಿದ್ದು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ತೀರ್ಪನ್ನು ಬೈದು ಕೂತರೆ ಹೊಟ್ಟೆ ತುಂಬುವುದಿಲ್ಲ. ತಾಯಿ ತನ್ನ ಮಗುವನ್ನು ತಾನಾಗಿ ಕರೆತಂದು ಬಿಡುವಂಥ ಕನ್ನಡ ಶಾಲೆ ಇರಬೇಕು. ಅದರಲ್ಲಿ ಮೇಷ್ಟ್ರು ಇರಬೇಕು, ನೀರಿರಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಇರಬೇಕು. ಇಂಗ್ಲಿಷನ್ನೂ ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಬೇಕು. ಮುತ್ತಿಗೆ ಹಾಕಿದರೆ ಒಂದು ದಿನದ ಸುದ್ದಿ. ತಿಂಗಳು ತಿಂಗಳು ಶಾಲೆಗೆ ಹೋಗಿ ನಿಂತರೆ ಶಾಲೆ ಉಳಿಯುತ್ತದೆ.

ಇನ್ನೊಂದು ಕಡೆಯವರಿಗೂ ಎರಡು ಮಾತು ಹೇಳಲೇಬೇಕು. ಅಭಿವೃದ್ಧಿಯ ಹೆಸರಿನ ಸ್ವಯಂಸೇವಾ ಸಂಸ್ಥೆಗಳು ನಾಡಿನ ತುಂಬ ಇವೆ. ನಿಷ್ಠೆಯಿಂದ ದುಡಿಯುವವರು ಅಲ್ಲಿದ್ದಾರೆ, ಅವರಿಗೆ ಕೈಮುಗಿಯೋಣ. ಆದರೆ ಕೆಲವರ ರೀತಿ ನೋಡಿ. ಹಳ್ಳಿಯ ಹೆಂಗಸರು ಕನ್ನಡದಲ್ಲಿ ಕಷ್ಟ ಹೇಳಿಕೊಳ್ಳುತ್ತಾರೆ. ಇವರು ಅದನ್ನು ಇಂಗ್ಲಿಷಿನಲ್ಲಿ ಬರೆದು ದುಡ್ಡು ಕೊಡುವವರಿಗೆ ಕಳಿಸುತ್ತಾರೆ. ಆ ವರದಿ ಅದೇ ಹೆಂಗಸರ ಕೈಗೆ ಕನ್ನಡದಲ್ಲಿ ಮರಳಿ ಬರುವುದೇ ಇಲ್ಲ! ತನ್ನೂರಿನ ಬಗ್ಗೆ ಬರೆದದ್ದನ್ನು ತಾನೇ ಓದಲಾಗದ ಜನ ಯಾರನ್ನು ಪ್ರಶ್ನೆ ಕೇಳಿಯಾರು? ಅಭಿವೃದ್ಧಿಯವರು ಕನ್ನಡ ಬಿಟ್ಟರು, ಕನ್ನಡದವರು ಅಭಿವೃದ್ಧಿ ಬಿಟ್ಟರು. ನಡುವೆ ಶೆಡ್ಡಿನ ಮುಂದಿನ ಆ ಹುಡುಗಿ ಯಾರಿಗೂ ಕಾಣದಾದಳು.

ನೀವು ಮಾಡಬಹುದಾದದ್ದು

ಭಾಷಣ ಸಾಕು. ಕೆಲಸ ಹೇಳುತ್ತೇನೆ, ಬರೆದುಕೊಳ್ಳಿ.

ಒಂದು. ನಿಮ್ಮ ವಾರ್ಡಿನ ಕಟ್ಟಡ ಕೆಲಸದ ಜಾಗಗಳಿಗೆ ಭಾನುವಾರ ಹೋಗಿ. ಆರರಿಂದ ಹದಿನಾಲ್ಕು ವರ್ಷದ ಎಷ್ಟು ಮಕ್ಕಳು ಶಾಲೆಯ ಹೊರಗಿದ್ದಾರೆ, ಪಟ್ಟಿ ಮಾಡಿ. ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಕರೆದೊಯ್ಯಿರಿ. ಜನನ ಪತ್ರವಿಲ್ಲ, ಟಿ.ಸಿ. ಬಂದಿಲ್ಲ ಎಂದು ಸೇರಿಸಿಕೊಳ್ಳದೆ ಕಳಿಸಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲವೆಂದು ಹೇಳಿ. ವಿನಯದಿಂದ ಹೇಳಿ, ಆದರೆ ಸೇರಿಸಿಕೊಳ್ಳುವ ತನಕ ಜಾಗ ಬಿಡಬೇಡಿ.

ಎರಡು. ಅವರ ಅಪ್ಪ ಅಮ್ಮಂದಿರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದೆಯೇ ಕೇಳಿ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ನೋಂದಾಯಿಸಿಕೊಳ್ಳಬಹುದು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ದುಡಿಯುವವನಿಗೆ ಆ 90 ದಿನದ ದಾಖಲೆ ಹೊಂದಿಸುವುದೇ ದೊಡ್ಡ ಕಷ್ಟ. ಅರ್ಜಿ ತುಂಬಿಕೊಡಿ, ಮೇಸ್ತ್ರಿಯ ಹತ್ತಿರ ಮಾತಾಡಿ, ಕಚೇರಿಗೆ ಜೊತೆಗೆ ಹೋಗಿ.

ಮೂರು. ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲೇ ಹಾಕಿ. 2005ರ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ನಿಮ್ಮ ವಾರ್ಡಿನ ಕನ್ನಡ ಶಾಲೆಯಲ್ಲಿ ಎಷ್ಟು ಮೇಷ್ಟ್ರ ಹುದ್ದೆ ಖಾಲಿ ಇವೆ ಎಂದು ಕೇಳಿ. ಬಂದ ಉತ್ತರವನ್ನು ಸಂಘದ ಬೋರ್ಡಿಗೆ ಅಂಟಿಸಿ, ಜನ ಓದಲಿ.

ನಾಲ್ಕು. ನಂಜುಂಡಪ್ಪ ವರದಿಯ 114ರಲ್ಲಿ ಒಂದು ತಾಲ್ಲೂಕು ಆರಿಸಿಕೊಂಡು, ಅಲ್ಲಿನ ಸಂಘಟನೆಯೊಂದರ ಜೊತೆ ವರ್ಷಪೂರ್ತಿ ಕೈಜೋಡಿಸಿ. ದಾನಿಗಳ ಠೀವಿಯಲ್ಲಿ ಹೋಗಬೇಡಿ. ಅಲ್ಲಿನವರು ಹೇಳಿದ್ದನ್ನು ಮೊದಲು ಕೇಳಿಸಿಕೊಳ್ಳಿ.

ಇದರಲ್ಲಿ ಫೋಟೋ ಕಡಿಮೆ, ಹಾರ ಇಲ್ಲವೇ ಇಲ್ಲ. ಟಿ.ವಿ.ಯವರು ಬರುವುದಿಲ್ಲ. ಸಂಘದಲ್ಲಿ ಕೆಲವರು ‘ಇದು ಸಮಾಜಸೇವೆ, ಕನ್ನಡದ ಕೆಲಸ ಎಲ್ಲಿ?’ ಎಂದು ಮೂಗು ಮುರಿಯುತ್ತಾರೆ. ಅವರಿಗೆ ಕುಸನೂರಿನ ಕಥೆ ಹೇಳಿ. ಆ ಗೋಮಾಳದಲ್ಲಿ ದನ ಮೇಯಿಸುತ್ತಿದ್ದವನ ಬಾಯಲ್ಲಿ ಇದ್ದದ್ದೂ ಕನ್ನಡವೇ. ಅವನ ನೆಲ ಹೋದರೆ ಅವನು ಊರು ಬಿಡುತ್ತಾನೆ. ಊರು ಬಿಟ್ಟವನ ಮಗ ಶಾಲೆ ಬಿಡುತ್ತಾನೆ. ಆಮೇಲೆ ನಾವು ಫಲಕದ ಮೇಲೆ ಎಷ್ಟೇ ದೊಡ್ಡ ಅಕ್ಷರ ಬರೆಸಿದರೂ ಓದುವವರು ಯಾರು?

ಈ ಸಲದ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬೇಡವೆನ್ನುವುದಿಲ್ಲ, ಹಾಡಿ, ಕುಣಿಯಿರಿ. ಆದರೆ ಅಂದು ವೇದಿಕೆಯ ಮೇಲೆ ನಿಮ್ಮ ಸಂಘದ ಕಾರ್ಯದರ್ಶಿ ಎದ್ದು ನಿಂತು ಒಂದು ಲೆಕ್ಕ ಓದಬೇಕು: ಈ ವರ್ಷ ಎಷ್ಟು ಮಕ್ಕಳನ್ನು ಶಾಲೆಗೆ ಸೇರಿಸಿದೆವು, ಎಷ್ಟು ಕಾರ್ಮಿಕರಿಗೆ ಕಾರ್ಡು ಮಾಡಿಸಿದೆವು, ಯಾವ ಶಾಲೆಗೆ ಮೇಷ್ಟ್ರನ್ನು ತರಿಸಿದೆವು. ಓದಲು ಏನೂ ಇಲ್ಲದಿದ್ದರೆ ಮೈಕು ಅವರಿಗೆ ಕೊಡಬೇಡಿ.

ಸಿರಿಗನ್ನಡಂ ಗೆಲ್ಗೆ!