ಎರಡನೇ ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ಎಸ್‌ಎಂಪಿಎಸ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಟೀಮಿನ ನಾಲ್ಕೂ ಜನ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ತಂದ್ವಿ. ನನ್ನ ಡೆಸ್ಕ್‌ಟಾಪಿನಲ್ಲಿ ಅಂಥದ್ದೇ ಒಂದು ಕಾರ್ಡ್ ಆಗಲೇ ಇತ್ತು. ಎರಡು ಕಾರ್ಡ್ ಆದ್ರೆ ಟ್ರೈನಿಂಗ್ ಬೇಗ ಮುಗಿಯುತ್ತೆ, ರಿವ್ಯೂಗೆ ಮೊದಲೇ ರಿಸಲ್ಟ್ ಕೈಗೆ ಬರುತ್ತೆ ಅನ್ನೋದು ನಮ್ಮ ಲೆಕ್ಕ. ಕಾರ್ಡನ್ನು ಸ್ಲಾಟಿಗೆ ಕೂರಿಸಿದ ಮೇಲೆ ಗೊತ್ತಾಯ್ತು, ನಮ್ಮ 450 ವಾಟ್ ಎಸ್‌ಎಂಪಿಎಸ್‌ನಲ್ಲಿ ಎಂಟು ಪಿನ್ನಿನ ಕೇಬಲ್ ಇರೋದೇ ಒಂದು ಅಂತ. ಅಂಗಡಿಯಲ್ಲಿ ಕೇಳಿದ್ರೆ, "ಅದಕ್ಕೇನು ಸಾರ್, ಕನ್ವರ್ಟರ್ ಇದೆ" ಅಂತ ಗೇಣುದ್ದದ ಒಂದು ವೈರ್ ಕೊಟ್ರು. ಒಂದು ತುದಿಯಲ್ಲಿ ಹಾರ್ಡ್ ಡಿಸ್ಕಿಗೆ ಹಾಕೋ ಸಾಟಾ ಪವರ್ ಕನೆಕ್ಟರ್, ಇನ್ನೊಂದು ತುದಿಯಲ್ಲಿ ಎಂಟು ಪಿನ್.

ಎರಡು ರಾತ್ರಿ ಚೆನ್ನಾಗೇ ಓಡ್ತು. ಮೂರನೇ ರಾತ್ರಿ ರೂಮ್‌ಮೇಟ್ ಎಬ್ಬಿಸಿ, "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ" ಅಂದ. ಸ್ವಿಚ್ ಆರಿಸಿ ಕ್ಯಾಬಿನೆಟ್ ತೆಗೆದು ನೋಡಿದ್ರೆ, ಸಾಟಾ ಕನೆಕ್ಟರಿನ ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಅಂಟಿಕೊಂಡಿತ್ತು. ಕಾರ್ಡ್ ಉಳೀತು, ನಾವೂ ಉಳಿದ್ವಿ. ಅವತ್ತು ಅವನಿಗೆ ಎಚ್ಚರ ಆಗದೇ ಇದ್ದಿದ್ರೆ ಅನ್ನೋ ಯೋಚನೆ ಮಾತ್ರ ಇನ್ನೂ ಹೋಗಿಲ್ಲ.

ಹಾಗಾಗಿ ನನ್ನ ವಾದ ಇಷ್ಟೇ: ಎರಡನೇ ಕಾರ್ಡಿಗೆ ದುಡ್ಡು ಕೂಡಿಸೋ ಮೊದಲು ಎಸ್‌ಎಂಪಿಎಸ್‌ಗೆ ಕೂಡಿಸಿ. ಅದಕ್ಕೆ ದುಡ್ಡಿಲ್ಲ ಅಂದ್ರೆ ಎರಡನೇ ಕಾರ್ಡೇ ಬೇಡ. ಕನ್ವರ್ಟರ್ ವೈರ್ ಅನ್ನೋ ಮಧ್ಯದ ದಾರಿ ಇಲ್ಲವೇ ಇಲ್ಲ.

ಇದು ಹೆದರಿಸೋ ಮಾತಲ್ಲ, ಲೆಕ್ಕ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಅಂತ ಇರೋದು ಮೂರು ಪಿನ್. ಒಂದೊಂದಕ್ಕೆ 1.5 ಆಂಪಿಯರ್ ಮಿತಿ. ಒಟ್ಟು 4.5 ಆಂಪಿಯರ್, ಅಂದ್ರೆ 54 ವಾಟ್. ಎಂಟು ಪಿನ್ನಿನ ಕನೆಕ್ಟರ್ 150 ವಾಟ್ ಕೊಡುತ್ತೆ ಅಂತ ಕಾರ್ಡ್ ನಂಬಿರುತ್ತೆ. 3060ರ ಮಿತಿ 170 ವಾಟ್. ಮದರ್‌ಬೋರ್ಡಿನ ಸ್ಲಾಟ್ ಹೆಚ್ಚೆಂದರೆ 75 ವಾಟ್ ಕೊಡಬಹುದು. ಸ್ಲಾಟಿನಿಂದ 50 ಬಂತು ಅಂದುಕೊಂಡ್ರೂ ಉಳಿದ 120 ವಾಟ್ ಆ ವೈರಿನಲ್ಲೇ ಬರಬೇಕು. ಅಂದ್ರೆ 10 ಆಂಪಿಯರ್, ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು ಅಂತ ಫಸ್ಟ್ ಇಯರ್‌ನಲ್ಲಿ ಬರೆದು ಮಾರ್ಕ್ಸ್ ತಗೊಂಡವರು ನಾವೇ. ಹಾಸ್ಟೆಲ್ ರೂಮಿಗೆ ಬಂದ ತಕ್ಷಣ ಅದೆಲ್ಲ ಮರೆತುಹೋಗುತ್ತೆ!

ಇನ್ನು ಇಡೀ ಸಿಸ್ಟಂ ಲೆಕ್ಕ ನೋಡಿ. ಎರಡು ಕಾರ್ಡಿಗೆ 340 ವಾಟ್. ಐ5-12400 ಪ್ರೊಸೆಸರ್ ಪೂರ್ತಿ ದುಡಿದರೆ 117. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಾ ಸೇರಿ 50 ಅಂತಿಟ್ಕೊಳ್ಳಿ. ಒಟ್ಟು 507. ನಮ್ಮ ಡಬ್ಬ 450ರದ್ದು. ಟ್ರೈನಿಂಗ್ ಹೊತ್ತಲ್ಲಿ ಪ್ರೊಸೆಸರ್ ಪೂರ್ತಿ ದುಡಿಯದೇ ಇದ್ದದ್ದಕ್ಕೆ ಎರಡು ರಾತ್ರಿ ಬಚಾವಾಗಿದ್ವಿ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಸಾಲದ್ದಕ್ಕೆ ಗ್ರಾಫಿಕ್ಸ್ ಕಾರ್ಡುಗಳು ಒಂದೇ ಸಮ ಕರೆಂಟ್ ಎಳೆಯೋದಿಲ್ಲ. ಕ್ಷಣಾರ್ಧದಲ್ಲಿ ತಮ್ಮ ಮಿತಿ ಮೀರಿ ಎಳೆದು ಮತ್ತೆ ಇಳಿಯುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡದಲ್ಲಿ, ತನ್ನ ರೇಟಿಂಗಿನ ಎರಡು ಪಟ್ಟು ಲೋಡನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಅಂತ ಸೇರಿಸಿದ್ದು ಇದಕ್ಕೇ. ಆದ್ದರಿಂದ ಒಟ್ಟು ಲೆಕ್ಕದ ಮೇಲೆ ಮೂರನೇ ಒಂದು ಭಾಗವಾದರೂ ಜಾಸ್ತಿ ಇರಲಿ. ನಮ್ಮ ಸಿಸ್ಟಮಿಗೆ 650 ಅಂಚಿನ ಮೇಲೆ, 750 ನೆಮ್ಮದಿ.

ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ನಂಬರ್ ನೋಡಿ ಮರುಳಾಗಬೇಡಿ. ಪಕ್ಕದಲ್ಲಿ ಅಂಟಿಸಿರೋ ಪಟ್ಟಿಯಲ್ಲಿ 12 ವೋಲ್ಟ್ ಅಂತ ಇರೋ ಕಡೆ ಎಷ್ಟು ಆಂಪಿಯರ್ ಇದೆ ನೋಡಿ 12ರಿಂದ ಗುಣಿಸಿ. ಕಾರ್ಡಿಗೆ ಸಿಗೋದು ಅದರಲ್ಲೇ. ಬ್ರಾಂಝ್, ಗೋಲ್ಡ್ ಅನ್ನೋದು ಕರೆಂಟ್ ಎಷ್ಟು ಪೋಲಾಗುತ್ತೆ ಅಂತ ಹೇಳುತ್ತೆ, ಸುರಕ್ಷತೆಗೆ ಸರ್ಟಿಫಿಕೇಟ್ ಅಲ್ಲ. ಒಂದೊಂದು ಕಾರ್ಡಿಗೂ ಎಸ್‌ಎಂಪಿಎಸ್‌ನಿಂದಲೇ ಹೊರಡುವ ಬೇರೆ ಬೇರೆ ಕೇಬಲ್ ಇರಬೇಕು. ಕೇಬಲ್ ಕಳಚಿ ಹಾಕೋ ಮಾಡ್ಯುಲರ್ ಥರದ್ದಾದರೆ, ಪಕ್ಕದ ರೂಮಿನವರ ಎಸ್‌ಎಂಪಿಎಸ್ ಕೇಬಲ್ ಎರವಲು ತಂದು ಚುಚ್ಚಬೇಡಿ. ಕೂರುತ್ತೆ ನಿಜ, ಆದರೆ ಒಳಗಿನ ವೈರಿಂಗ್ ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ತಪ್ಪಿಗೆ ಬೋರ್ಡೂ ಹೋಗಬಹುದು, ಡಿಸ್ಕೂ ಹೋಗಬಹುದು.

"ನಮ್ದು ಎರಡು ವರ್ಷದಿಂದ ಅದೇ ಕನ್ವರ್ಟರಲ್ಲಿ ಓಡ್ತಿದೆ, ಏನೂ ಆಗಿಲ್ಲ" ಅಂತ ಹೇಳೋ ಸೀನಿಯರ್ ಪ್ರತಿ ಬ್ಲಾಕಿನಲ್ಲೂ ಒಬ್ಬರಿರ್ತಾರೆ. ಅವರು ಸುಳ್ಳು ಹೇಳ್ತಿಲ್ಲ. ಗೇಮ್ ಆಡುವಾಗ ಲೋಡ್ ಏರಿಳಿಯುತ್ತೆ, ಗಂಟೆ ಎರಡು ಗಂಟೆಗೆ ಎದ್ದು ಊಟಕ್ಕೆ ಹೋಗ್ತೀವಿ, ಕನೆಕ್ಟರ್ ತಣ್ಣಗಾಗುತ್ತೆ. ಟ್ರೈನಿಂಗ್ ಹಾಗಲ್ಲ. ನಾವು ಮಲಗಿರೋವಾಗ ಎಂಟು ಗಂಟೆ ಎಡೆಬಿಡದೆ ಓಡುತ್ತೆ. ಮತ್ತೆ ರೂಮಿನಲ್ಲಿ ಮಲಗಿರೋದು ನಾವೊಬ್ಬರೇ ಅಲ್ಲ. ಪ್ರಾಜೆಕ್ಟಿಗೂ ಅವನಿಗೂ ಸಂಬಂಧವೇ ಇಲ್ಲದ ರೂಮ್‌ಮೇಟ್ ನಮ್ಮ ರಿಸ್ಕಿಗೆ ಯಾಕೆ ಪಾಲುದಾರ ಆಗಬೇಕು?

"ಎಸ್‌ಎಂಪಿಎಸ್‌ಗೆ ದುಡ್ಡು ಎಲ್ಲಿಂದ ತರೋಣ?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಹಾಗಿದ್ರೆ ಮೊದಲು, ಎರಡನೇ ಕಾರ್ಡ್ ನಿಜವಾಗ್ಲೂ ಬೇಕಾ ಅಂತ ಕೇಳ್ಕೊಳ್ಳಿ. 12 ಮತ್ತು 12 ಸೇರಿ ತಾನಾಗಿ 24 ಜಿಬಿ ಆಗೋದಿಲ್ಲ. ಸಾಮಾನ್ಯವಾಗಿ ಎರಡೂ ಕಾರ್ಡಿನಲ್ಲಿ ಮಾಡೆಲ್ಲಿನ ಒಂದೊಂದು ಪ್ರತಿ ಕೂರುತ್ತೆ, ಡೇಟಾ ಮಾತ್ರ ಹಂಚಿಕೆ ಆಗುತ್ತೆ. ಒಂದು ಕಾರ್ಡಿಗೆ ಹಿಡಿಸದ ಮಾಡೆಲ್ಲನ್ನು ಎರಡಕ್ಕೂ ಹಂಚಬೇಕಾದರೆ ನೀವೇ ಕೋಡ್ ತಿದ್ದಬೇಕು. ಎಷ್ಟೋ ಬೋರ್ಡುಗಳಲ್ಲಿ ಎರಡನೇ ಉದ್ದದ ಸ್ಲಾಟ್ ನೋಡೋಕೆ ಹದಿನಾರು ಲೇನಿನದ್ದು, ಒಳಗೆ ನಾಲ್ಕೇ. ಬ್ಯಾಚ್ ಸೈಜ್ ಇಳಿಸಿ, ಮಿಕ್ಸೆಡ್ ಪ್ರಿಸಿಶನ್ ಹಾಕಿ ಒಂದೇ ಕಾರ್ಡಿನಲ್ಲಿ ಮುಗಿಸಬಹುದಾದ ಪ್ರಾಜೆಕ್ಟುಗಳೇ ಜಾಸ್ತಿ. ಆಗಲೂ ಸಾಲದಿದ್ರೆ ಕ್ಯಾಗಲ್‌ನಲ್ಲಿ ಪ್ರತಿ ವಾರ ಕೆಲವು ಗಂಟೆ ಎರಡು ಟಿ4 ಕಾರ್ಡ್ ಪುಕ್ಕಟೆ ಸಿಗುತ್ತೆ. ಸೆಷನ್ ಮುಗಿದ್ರೆ ಮತ್ತೆ ಶುರು ಮಾಡೋ ತಲೆನೋವು ಇದೆ, ಆದರೆ ರೂಮಿನಲ್ಲಿ ಹೊಗೆ ಬರೋದಿಲ್ಲ.

ಎರಡು ಕಾರ್ಡ್ ಬೇಕೇ ಬೇಕು ಅಂದ್ರೆ ಸರಿಯಾದ ಎಸ್‌ಎಂಪಿಎಸ್ ಹಾಕಿ, ಮೇಲೆ ಒಂದೊಂದು ಕಾರ್ಡಿನ ಪವರ್ ಲಿಮಿಟ್ ಇಳಿಸಿ. ಎನ್‌ವಿಡಿಯಾ ಡ್ರೈವರ್ ಜೊತೆಗೇ ಬರೋ ಒಂದು ಕಮಾಂಡಿನಲ್ಲಿ 170ನ್ನು 130ಕ್ಕೆ ತರಬಹುದು. ವಾಟ್ ಇಳಿದಷ್ಟು ಸ್ಪೀಡ್ ಇಳಿಯೋದಿಲ್ಲ, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತೆ. ಹಾಗಂತ ಇದು ಕನ್ವರ್ಟರ್ ಹಾಕೋಕೆ ನೆಪ ಅಲ್ಲ. 130ರಲ್ಲೂ ಆ 54 ವಾಟಿನ ಕನೆಕ್ಟರಿಗೆ ಭಾರ ಭಾರವೇ. ಮತ್ತೆ ಯುಪಿಎಸ್ ಇದೆ ಅಂತ ಧೈರ್ಯವಾಗಿರೋರಿಗೆ ಒಂದು ಮಾತು: ನಮ್ಮಲ್ಲಿ ಸಾಮಾನ್ಯವಾಗಿ ಇರೋ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವಾಟ್. ಎರಡು ಕಾರ್ಡ್ ಓಡ್ತಿರುವಾಗ ಕರೆಂಟ್ ಹೋದ್ರೆ ಅದೂ ಕೈ ಎತ್ತುತ್ತೆ.

ಕೊನೆಗೆ ಡಿಪಾರ್ಟ್‌ಮೆಂಟಿಗೂ ಒಂದು ಮನವಿ. ಪ್ರಾಜೆಕ್ಟ್ ರಿವ್ಯೂನಲ್ಲಿ ಆಕ್ಯುರಸಿ ಎಷ್ಟು, ಡೇಟಾಸೆಟ್ ಯಾವುದು ಅಂತ ಕೇಳ್ತೀರಿ. ಜೊತೆಗೆ, "ಇದು ಎಷ್ಟು ವಾಟ್ ಎಳೆಯುತ್ತೆ, ಎಲ್ಲಿಂದ?" ಅಂತ ಒಂದು ಪ್ರಶ್ನೆ ಸೇರಿಸಿ. ಹಾರ್ಡ್‌ವೇರ್ ಇರೋ ಪ್ರತಿ ರಿಪೋರ್ಟಿನಲ್ಲೂ ಒಂದು ಪುಟ ಪವರ್ ಲೆಕ್ಕ ಇರಲಿ. ನಮ್ಮನ್ನು ಆ ಪ್ರಶ್ನೆ ಯಾರಾದರೂ ಮೊದಲೇ ಕೇಳಿದ್ದಿದ್ರೆ, ಉತ್ತರ ಹುಡುಕೋಕೆ ಐದು ನಿಮಿಷ ಸಾಕಾಗ್ತಿತ್ತು.

ಆ ಕರಗಿದ ಕನೆಕ್ಟರನ್ನು ನಾನು ಬಿಸಾಕಿಲ್ಲ, ಟೇಬಲ್ ಮೇಲೇ ಇಟ್ಟಿದ್ದೀನಿ. ಎರಡನೇ ಕಾರ್ಡ್ ಹಾಕೋ ಯೋಚನೆ ಇದ್ರೆ ಒಂದ್ಸಲ ರೂಮಿಗೆ ಬಂದು ನೋಡ್ಕೊಂಡು ಹೋಗಿ.